ಓಡುವವರಿಗೆ ಗಾಡಿ ನಿಲ್ಲಿಸುವ ಊರು

ನಮ್ಮ ಕಡೆ ರಸ್ತೆಯಲ್ಲಿ ದೊಡ್ಡವರು ಸುಮ್ಮನೆ ಓಡುವುದಿಲ್ಲ. ಮಕ್ಕಳು ಬಸ್ಸು ಹಿಡಿಯಲು ಓಡುತ್ತಾರೆ, ಅಷ್ಟೆ. ಪ್ರಾಯ ಸಂದವರು ಓಡಿದರೆ ಯಾರಿಗೋ ಹಾವು ಕಚ್ಚಿದೆ, ಯಾರೋ ಮರದಿಂದ ಬಿದ್ದಿದ್ದಾರೆ, ಇಲ್ಲವೇ ಪಂಪಿನ ಶೆಡ್ಡಿನಲ್ಲಿ ಕರೆಂಟು ಹೊಡೆದಿದೆ ಎಂದೇ ಅರ್ಥ. ಹಾಗಾಗಿ ಓಡುವವರನ್ನು ಕಂಡರೆ ಗಾಡಿ ನಿಲ್ಲಿಸುತ್ತಾರೆ. ಜಗಳವಾಡಿ ಮಾತು ಬಿಟ್ಟವರೂ ನಿಲ್ಲಿಸುತ್ತಾರೆ. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಆಸ್ಪತ್ರೆ ದೂರ, ಫೋನಿಗೆ ರೇಂಜ್ ಸಿಕ್ಕಿದರೆ ಸಿಕ್ಕಿತು, ಹಾಗಿರುವ ಊರಿನಲ್ಲಿ ಮನುಷ್ಯರು ತಾವಾಗಿ ಕಲಿಯುವ ವಿಷಯ ಇದು.

ಅಂಥ ರಸ್ತೆಯಲ್ಲಿ, ಐವತ್ತರ ಹತ್ತಿರದ ವಯಸ್ಸಿನಲ್ಲಿ, ತೊಂಬತ್ತು ಕಿಲೋ ದಾಟಿದ ಶರೀರ ಹೊತ್ತುಕೊಂಡು ನಾನು ಓಡಲು ಹೊರಟೆ.

ಪಂಜದಿಂದ ಸುಬ್ರಹ್ಮಣ್ಯದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಅಪ್ಪ ಹಾಕಿದ್ದು. ಅಪ್ಪ ಹೋದ ಮೇಲೆ ನಾನು ಮತ್ತು ತಮ್ಮ ನಡೆಸುತ್ತಿದ್ದೆವು. ಇಬ್ಬರಿಗೂ ಮದುವೆಯಾಗಲಿಲ್ಲ. ನನ್ನನ್ನು ನೋಡಲು ಬಂದವರು ಗೋಳಿಬಜೆ ತಿಂದು, ಚೆನ್ನಾಗಿದೆ ಎಂದು ಹೇಳಿ ಹೋದರು. ಗೋಳಿಬಜೆಯನ್ನೇ ಹೇಳಿದ್ದು. ತಮ್ಮ, ಅಕ್ಕನದಾಗದೆ ನನ್ನದು ಹೇಗೆ ಎಂದು ಕಾಯುತ್ತಾ ಕಾಯುತ್ತಾ ನಲವತ್ತು ದಾಟಿದ. ಬೆಳಿಗ್ಗೆ ಸಜ್ಜಿಗೆ, ಅವಲಕ್ಕಿ, ಬನ್ಸು, ಸಂಜೆ ಗೋಳಿಬಜೆ. ಉಳಿದದ್ದನ್ನು ಎಸೆಯಲು ಮನಸ್ಸು ಬಾರದೆ ನಾನೇ ತಿನ್ನುತ್ತಿದ್ದೆ. ನನ್ನ ಮೈಯ ಚರಿತ್ರೆ ಇಷ್ಟೇ. ಮನೆಯಲ್ಲಿ ನಾವಾಡುವುದು ಅರೆಭಾಷೆ. ಎಲ್ಲರಿಗೂ ತಿಳಿಯಲಿ ಎಂದು ಮಾತುಗಳನ್ನು ಇಲ್ಲಿಯ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ತಮ್ಮನ ಎರಡೂ ಕಿಡ್ನಿ ಹೋದವು. ಬಿ.ಪಿ. ಇತ್ತು, ಮಾತ್ರೆ ತೆಗೆದುಕೊಳ್ಳಲಿಲ್ಲ, ತಲೆನೋವೆಂದು ಪೇಟೆಯಿಂದ ಗುಳಿಗೆ ತಂದು ನುಂಗುತ್ತಿದ್ದ. ಗೊತ್ತಾಗುವಾಗ ತಡವಾಗಿತ್ತು. ಆಮೇಲೆ ವಾರಕ್ಕೆ ಮೂರು ಸಲ ಸುಳ್ಯಕ್ಕೆ ಡಯಾಲಿಸಿಸ್. ರಿಕ್ಷಾದವರೊಬ್ಬರು ಬೆಳಿಗ್ಗೆ ಬಂದು ಕರೆದುಕೊಂಡು ಹೋಗಿ ಸಂಜೆ ತಂದು ಬಿಡುತ್ತಿದ್ದರು. ಹಳೆಯ ಸ್ಕೂಟರೊಂದಿತ್ತು, ಅದನ್ನು ಬಿಡಲು ನನಗೆ ಬರುವುದಿಲ್ಲ. ಉಪ್ಪು ಬಿಡಬೇಕು, ಎಳನೀರಿನ ಬೊಂಡ ಮುಟ್ಟಬಾರದು, ನೀರು ಇಡೀ ದಿನಕ್ಕೆ ಸಣ್ಣ ಲೋಟದಲ್ಲಿ ಅಳೆದು ಕೊಟ್ಟಷ್ಟೇ. ದಿನವಿಡೀ ಚಾ ಕುದಿಯುವ ಜಾಗದಲ್ಲಿ ಕುಳಿತು ಒಂದು ಗುಟುಕು ಚಾ ಕುಡಿಯಬಾರದು ಎಂದರೆ ಅದು ಯಾವ ಶಿಕ್ಷೆ ಎಂದು ಬಾಯಾರಿದವರಿಗೇ ಗೊತ್ತು.

ಕಿಡ್ನಿ ಕೊಡುವವರು ಯಾರಾದರೂ ಇದ್ದಾರಾ ಎಂದು ಮಂಗಳೂರಿನ ಡಾಕ್ಟರು ಕೇಳಿದಾಗ ನಾನು ಯೋಚಿಸಲೇ ಇಲ್ಲ. ಯೋಚಿಸಲು ಬೇರೆ ಯಾರಿದ್ದರು? ರಕ್ತ ಹೊಂದಿತು. ಬೇರೆ ಪರೀಕ್ಷೆಗಳೂ ಪರವಾಗಿಲ್ಲ ಎಂದರು. ಆಮೇಲೆ ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಈ ತೂಕದಲ್ಲಿ ನಿಮ್ಮ ಕಿಡ್ನಿ ತೆಗೀಲಿಕ್ಕೆ ಆಗುದಿಲ್ಲ ಅಮ್ಮ. ಸಕ್ಕರೆ ಕೂಡ ಗಡಿಯಲ್ಲಿ ಉಂಟು. ಇಪ್ಪತ್ತು ಕಿಲೋ ಆದ್ರೂ ಇಳಿಸ್ಬೇಕು. ದಿನಾ ನಡೆಯಿರಿ."

ಹೊರಗೆ ಬಂದು ಬೆಂಚಿನಲ್ಲಿ ಕುಳಿತಾಗ ನನಗೆ ನಾಚಿಕೆಗಿಂತ ಸಿಟ್ಟು ಹೆಚ್ಚು ಬಂದಿತ್ತು. ಇಷ್ಟು ವರ್ಷ ನನ್ನ ಹೊಟ್ಟೆಯನ್ನು ನೋಡಿ ಊರೇ ನಕ್ಕಾಗ ನಾನೂ ಸೇರಿ ನಕ್ಕಿದ್ದೇನೆ. ಈಗ ಅದೇ ಹೊಟ್ಟೆ ತಮ್ಮನಿಗೂ ನನಗೂ ಅಡ್ಡ ನಿಂತಿತು. ನಡೆಯಿರಿ ಎಂದಿದ್ದರು. ನಡೆದರೆ ಯಾವಾಗ ಇಳಿಯುತ್ತದೆ? ತಾಳ್ಮೆ ಎಂಬುದು ನನಗೆ ಹುಟ್ಟಿನಿಂದಲೇ ಇಲ್ಲ. ಓಡುತ್ತೇನೆ ಎಂದೆ.

"ಎಂತ ಓಡುದು? ನೀನಾ?" ಎಂದ ತಮ್ಮ.

"ನಾನೇ. ಎಂತ, ಕಾಲಿಲ್ವಾ ನನಗೆ?"

"ಕಾಲುಂಟು ಅಕ್ಕ. ರಸ್ತೆ ತಡ್ಕೊಳ್ಬೇಕಲ್ಲ."

ಅವನು ಕಾಯಿಲೆ ಬಿದ್ದ ಮೇಲೆ ಮಾಡಿದ ಮೊದಲ ತಮಾಷೆ ಅದು. ಆದರೆ ಒಂದು ಮಾತು ತೆಗೆದುಕೊಂಡ. ಯಾಕೆ ಓಡುತ್ತೇನೆಂದು ಯಾರಿಗೂ ಹೇಳಬಾರದು. ಅಕ್ಕನ ಕಿಡ್ನಿ ಕಿತ್ತುಕೊಂಡ ಎಂದು ಜನ ಆಡಿಕೊಳ್ಳುವುದು ಅವನಿಗೆ ಬೇಡವಾಗಿತ್ತು. ನಾನು ಒಪ್ಪಿದೆ. ಸಪೂರ ಆಗಲು ಓಡುತ್ತಿದ್ದಾಳೆ ಎಂದು ಊರು ತಿಳಿದುಕೊಂಡಿತು. ಈ ಪ್ರಾಯದಲ್ಲಿ ಯಾರಿಗೆ ತೋರಿಸಲಿಕ್ಕೆ ಎಂದೂ ಕೆಲವರು ಕೇಳಿದರು. ಅವರಿಗೆ ಚಾ ಸ್ವಲ್ಪ ತಣ್ಣಗಾದ ಮೇಲೆ ಕೊಟ್ಟೆ.

ಶೂ ತರಲು ಪುತ್ತೂರಿಗೆ ಹೋದೆ. ಸುಳ್ಯದಲ್ಲೋ ಕಡಬದಲ್ಲೋ ಕೊಂಡರೆ ಗುರುತಿನವರು ಸಿಗುತ್ತಾರೆಂಬ ಹೆದರಿಕೆ. ಅಂಗಡಿಯವರು ಮಗನಿಗಾ ಎಂದು ಕೇಳಿದರು. ನನಗೇ ಎಂದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಹೋದರು. ಹೆಂಗಸರ ಶೂ ಒಂದೂ ನನ್ನ ಪಾದಕ್ಕೆ ಹೋಗಲಿಲ್ಲ. ಕೊನೆಗೆ ಗಂಡಸರ ಕಪ್ಪು ಶೂ. ಇಡೀ ದಿನ ಮ್ಯಾಕ್ಸಿ ಹಾಕಿ ಹೆಗಲಿಗೆ ಬೈರಾಸು ಟವೆಲು ಹೊದೆದುಕೊಳ್ಳುವವಳು ನಾನು. ಒಂದು ಸಡಿಲ ಚೂಡಿದಾರ ಹೊಲಿಸಿದೆ. ಹೊಲಿಯುವ ಹೆಂಗಸು ಟೇಪು ಸುತ್ತುವಾಗ ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದೆ.

ಯಾರೂ ನೋಡಬಾರದೆಂದು ಮೊದಲು ಮನೆಯ ಹಿಂದಿನ ರಬ್ಬರ್ ತೋಟದಲ್ಲಿ ಓಡಿದೆ. ಬೆಳಕು ಹರಿಯುವ ಮೊದಲು ರಬ್ಬರ್ ಹಾಲು ತೆಗೆಯುವ ಟ್ಯಾಪಿಂಗಿನವರು ತಲೆಗೆ ಲೈಟು ಕಟ್ಟಿಕೊಂಡು ಮರಗಳ ನಡುವೆ ಕೆಲಸ ಮಾಡುತ್ತಿರುತ್ತಾರೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ, ಆ ಹೊತ್ತಿಗೆ ನೆನಪಾಗಲಿಲ್ಲ. ಬುಸುಬುಸು ಎಂದು ಏದುತ್ತಾ ತರಗೆಲೆಯ ಮೇಲೆ ಬರುತ್ತಿದ್ದ ನನ್ನನ್ನು ಕಾಡುಹಂದಿ ಎಂದುಕೊಂಡು ಒಬ್ಬರು ಮರ ಹತ್ತಲು ನೋಡಿದರು. ನಾನೇ ಎಂದು ಗೊತ್ತಾದ ಮೇಲೂ ಅವರಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. ಅಲ್ಲಿಗೆ ತೋಟ ಬಿಟ್ಟು ರಸ್ತೆಗಿಳಿದೆ.

ರಸ್ತೆಯ ಮೊದಲ ದಿನ ಹೋಟೆಲಿನಿಂದ ಕೂಗಳತೆಯಲ್ಲಿರುವ ಮೋರಿಯವರೆಗೂ ಹೋಗಿರಲಿಲ್ಲ. ಕಣ್ಣು ಕತ್ತಲೆ ಬಂತು, ಎದೆ ಹೊಡೆದುಕೊಳ್ಳುತ್ತಿತ್ತು, ತೊಡೆ ತೊಡೆಗೆ ಉಜ್ಜಿ ಉರಿ. ಅಷ್ಟರಲ್ಲಿ ಹಿಂದಿನಿಂದ ಒಂದು ಜೀಪು ಬಂದು ಪಕ್ಕದಲ್ಲೇ ನಿಂತಿತು. "ಯಾರಿಗೆ ಅಕ್ಕ? ಎಂತ ಆಯ್ತು? ಹತ್ತಿ, ಹತ್ತಿ!" ನನಗೆ ಉಸಿರೇ ಇಲ್ಲ, ಮಾತೆಲ್ಲಿಂದ? ಇಬ್ಬರು ಇಳಿದು ಕೈ ಹಿಡಿದು ಎತ್ತಿ ಸೀಟಿನಲ್ಲಿ ಕೂರಿಸಿಯೇ ಬಿಟ್ಟರು. ಜೀಪು ಹೊರಟಿತು. ಎರಡು ತಿರುವು ದಾಟಿದ ಮೇಲೆ ನನಗೆ ಬಾಯಿ ಬಂತು. ಯಾರಿಗೂ ಏನೂ ಆಗಿಲ್ಲ, ನಾನು ವ್ಯಾಯಾಮಕ್ಕೆ ಓಡಿದ್ದು ಎಂದೆ. ಜೀಪು ನಿಂತಿತು. ನಂತರ ಹಿಂದಿನ ಸೀಟಿನಲ್ಲಿದ್ದವರು ನಗಲು ಶುರುಮಾಡಿದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ತಮ್ಮನಿಗೆ ಹೇಳಿದಾಗ ಅವನು ಕೆಮ್ಮು ಬರುವಷ್ಟು ನಕ್ಕ. "ಅಯ್ಯೋ ಅಕ್ಕ, ನನ್ನ ಕಿಡ್ನಿ ಜೀಪಿನಲ್ಲಿ ಹೋಯ್ತಾ?"

ಮರುದಿನ ಪಿಕಪ್, ಅದರ ಮರುದಿನ ಬೈಕು, ಹಾಲಿನ ಗಾಡಿ. ಪ್ರತಿಯೊಬ್ಬರೂ ನಿಲ್ಲಿಸಿದರು. ಪ್ರತಿಯೊಬ್ಬರಿಗೂ "ಯಾರಿಗೆ?" ಎಂದೇ ಮೊದಲ ಪ್ರಶ್ನೆ. ನಿಂತರೆ ಮತ್ತೆ ಓಡಲು ಆಗುವುದಿಲ್ಲ. ಹೊರಗಿನವರಿಗೆ ಇದು ತಿಳಿಯುವುದಿಲ್ಲ. ದಪ್ಪ ಮೈ ಒಮ್ಮೆ ನಿಂತರೆ ಕೆಸರಲ್ಲಿ ಕೂತ ಎಮ್ಮೆಯ ಹಾಗೆ, ಎಬ್ಬಿಸುವುದೇ ಒಂದು ಕೆಲಸ. ಅವರ ಒಳ್ಳೆಯತನ ನನಗೆ ಉಪದ್ರವಾಯಿತು. ಹೋಟೆಲಿಗೆ ಬಂದವರಿಗೆಲ್ಲ ಚಾ ಕೊಡುವಾಗಲೇ ಹೇಳತೊಡಗಿದೆ. "ನೋಡಿ, ನಾನು ಓಡುದು ನನ್ನ ಆರೋಗ್ಯಕ್ಕೆ. ನಿಲ್ಲಿಸ್ಬೇಡಿ ಮಾರಾಯ್ರೆ. ನನಗೆ ಓಡುವಾಗ ಮಾತಾಡ್ಲಿಕ್ಕೆ ಆಗುದಿಲ್ಲ. ನಾನು ಕೈ ಎತ್ತಿದ್ರೆ ಎಂತದ್ದೂ ಇಲ್ಲ, ಹೋಗಿ ಅಂತ." ಕೆಲವರಿಗೆ ಎರಡೆರಡು ಸಲ ಹೇಳಬೇಕಾಯಿತು. ಹಾಲಿನ ಗಾಡಿಯವರಿಗೆ ಬೈದೇ ಹೇಳಿದೆ.

ಕಲಿತರು. ನವರಾತ್ರಿ ಕಳೆದು ಶುರುಮಾಡಿದ್ದು, ಚಳಿ ಹಿಡಿಯುವಾಗ ಎಲ್ಲರಿಗೂ ಅಭ್ಯಾಸವಾಗಿತ್ತು. ಹಾರ್ನ್ ಹಾಕಿ ಹೋಗುತ್ತಿದ್ದರು, ನಾನು ಕೈ ಎತ್ತುತ್ತಿದ್ದೆ. ಮೊದಲು ಮೋರಿ, ಆಮೇಲೆ ಬಸ್ ಸ್ಟಾಂಡ್, ಆಮೇಲೆ ಶಾಲೆಯ ಏರು. ಅಕ್ಕಿ ಬಿಟ್ಟೆ, ಬನ್ಸು ಬಿಟ್ಟೆ. ಚೂಡಿದಾರವನ್ನು ಒಳಗೆ ಹಿಡಿಸಿ ಹೊಲಿಸಿದೆ. ಸುಖ ಮಾತ್ರ ಎಂದೂ ಸಿಗಲಿಲ್ಲ. ಓಡಿದರೆ ಮನಸ್ಸು ಹಗುರವಾಗುತ್ತದೆ ಎಂದು ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಮೊಣಕಾಲು ನೋಯುತ್ತಿತ್ತು, ನಾಯಿಗಳು ಅಟ್ಟುತ್ತಿದ್ದವು, ಶಾಲೆಯ ಹತ್ತಿರ ಹುಡುಗಿಯರು ಬಾಯಿಗೆ ಕೈ ಹಿಡಿದು ನಗುತ್ತಿದ್ದರು. ಪ್ರತಿ ಬೆಳಿಗ್ಗೆ ಶೂ ಹಾಕುವಾಗ ನನಗೆ ಅಳು ಬರುತ್ತಿತ್ತು. ಹಾಕುತ್ತಿದ್ದೆ.

ಓಡಿ ವಾಪಸು ಬರುವಾಗ ತಮ್ಮ ಹೋಟೆಲಿನ ಮುಂದಿನ ಬೆಂಚಿನಲ್ಲಿ ಚೆಂಬು ನೀರು ಹಿಡಿದುಕೊಂಡು ಕುಳಿತಿರುತ್ತಿದ್ದ. ಬಾವಿಯ ತಣ್ಣನೆ ನೀರು, ಅವನೇ ತುಂಬಿಸಿ ತಂದದ್ದು. ನಾನು ಗಟಗಟ ಕುಡಿಯುವುದನ್ನು ಅವನು ನೋಡುತ್ತಿದ್ದ. ಅವನ ಗಂಟಲೂ ನನ್ನದರ ಜೊತೆಗೆ ಮೇಲೆ ಕೆಳಗೆ ಹೋಗುವುದನ್ನು ಒಂದು ದಿನ ಕಂಡೆ. ಆಮೇಲೆ ಒಳಗೆ ಹೋಗಿ ಕುಡಿಯತೊಡಗಿದೆ.

"ಇಲ್ಲೇ ಕುಡಿ ಅಕ್ಕ," ಎಂದ. "ನೋಡ್ಲಿಕ್ಕಾದ್ರೂ ಉಂಟಲ್ಲ."

ಅವನ ಎದುರೇ ಕುಡಿದೆ. ಕೊನೆಯವರೆಗೂ.

ಶಿವರಾತ್ರಿಗೆ ಸೆಕೆ ಶುರುವಾಯಿತು. ಅವನ ಕಾಲು ಊದುತ್ತಿತ್ತು, ಮುಖ ಬೂದು ಬಣ್ಣಕ್ಕೆ ತಿರುಗಿತ್ತು. ಮಂಗಳೂರಿಗೆ ಫೋನ್ ಮಾಡಿ ನನ್ನ ತೂಕ ಹೇಳಿದಾಗ, ಇನ್ನು ಸ್ವಲ್ಪವೇ, ಬರುವ ತಿಂಗಳು ಬನ್ನಿ, ಪರೀಕ್ಷೆಗಳನ್ನು ಮತ್ತೆ ಮಾಡೋಣ ಎಂದರು. ಫೋನು ಇಟ್ಟು ತಮ್ಮನ ಬೆನ್ನಿಗೆ ಗುದ್ದಿದೆ. ಅವನು ಬೆನ್ನು ಉಜ್ಜಿಕೊಂಡು, ಆಪರೇಶನ್ ಆದ ಮರುದಿನ ಒಂದು ಕೊಡ ನೀರು ಕುಡಿಯುತ್ತೇನೆ, ನೀನು ಪಕ್ಕದಲ್ಲಿ ಕೂತು ನೋಡಬೇಕು ಎಂದ.

ಡಯಾಲಿಸಿಸ್ ಇಲ್ಲದ ಭಾನುವಾರ ಅವನಿಗೆ ಯಾವಾಗಲೂ ಕಷ್ಟದ ದಿನ. ಸೋಮವಾರ ಬೆಳಿಗ್ಗೆಯವರೆಗೆ ಮೈಯಲ್ಲಿ ನೀರು ನಿಲ್ಲುತ್ತದೆ. ಅಂಥ ಒಂದು ಭಾನುವಾರ ಸಂಜೆ ಗುಡುಗು ಬಂತು. ಮಳೆ ನಾಲ್ಕು ಹನಿ, ಕರೆಂಟು ಹೋದದ್ದು ಹೋಗಿಯೇ ಬಿಟ್ಟಿತು. ಕರೆಂಟು ಹೋದರೆ ಸ್ವಲ್ಪ ಹೊತ್ತಿನಲ್ಲಿ ಟವರೂ ಸಾಯುತ್ತದೆ. ಫ್ಯಾನಿಲ್ಲದ ಸೆಕೆಯಲ್ಲಿ ಅವನು ಹೊರಳಾಡುತ್ತಿದ್ದ.

ಬೆಳಗಾಗುವಾಗ ಒಂದು ಸದ್ದಿಗೆ ಎಚ್ಚರವಾಯಿತು. ತಮ್ಮ ಮಂಚದಲ್ಲಿ ಎದ್ದು ಕುಳಿತು ಎರಡೂ ಕೈಯಲ್ಲಿ ಮಂಚದ ಅಂಚು ಹಿಡಿದಿದ್ದ. ಉಸಿರು ಎಳೆದರೆ ಗೊರಗೊರ ಎನ್ನುತ್ತಿತ್ತು. ಬಾಯಿಯಿಂದ ನೊರೆ. ಮಂಚದ ಕೆಳಗೆ ಚೆಂಬು ಬಿದ್ದಿತ್ತು, ಅದರಲ್ಲಿ ನೀರಿರಲಿಲ್ಲ. ಅವನು ಎಷ್ಟು ಕುಡಿದನೋ ನನಗೆ ಗೊತ್ತಿಲ್ಲ. ಅವನನ್ನು ಬೈಯುವವರು ಆ ಸೆಕೆಯಲ್ಲಿ ಒಂದು ದಿನ ನೀರಿಲ್ಲದೆ ಇದ್ದು ಬರಲಿ.

ಫೋನಿನಲ್ಲಿ ರೇಂಜ್ ಇಲ್ಲ. ಹೋಟೆಲಿನ ಮೇಲಿನ ಗುಡ್ಡೆಯಲ್ಲಿ ಒಂಟಿ ಮನೆ. ರಿಕ್ಷಾ ಬರಲು ಇನ್ನೂ ಹೊತ್ತಿತ್ತು. "ಕೂತ್ಕೊ, ಮಲಗ್ಬೇಡ, ಈಗ ಬಂದೆ," ಎಂದು ಹೇಳಿ ಗುಡ್ಡೆ ಇಳಿದು ರಸ್ತೆಗೆ ಬಂದೆ. ಪಂಜದ ಕಡೆಗೆ ಓಡಿದೆ.

ಅಷ್ಟು ತಿಂಗಳಲ್ಲಿ ನಾನು ಅಷ್ಟು ಜೋರಾಗಿ ಓಡಿದ್ದೇ ಇಲ್ಲ. ಅಭ್ಯಾಸದಿಂದ ಶೂವನ್ನೂ ಹಾಕಿಕೊಂಡಿದ್ದೆ, ಯಾವಾಗ ಹಾಕಿದೆನೋ ನೆನಪಿಲ್ಲ. ಮೋರಿಯ ಹತ್ತಿರ ಪಿಕಪ್ ಎದುರಿಗೆ ಬಂತು. ಎರಡೂ ಕೈ ಎತ್ತಿದೆ. ಕೂಗಲು ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ಚಾಲಕ ಹಾರ್ನ್ ಹಾಕಿ, ನಕ್ಕು, ತಾನೂ ಒಂದು ಕೈ ಎತ್ತಿ ಹೋದ. ಹಿಂದಿನಿಂದ ಬಂದ ಬೈಕಿನಲ್ಲಿ ಟ್ಯಾಪಿಂಗಿನ ಇಬ್ಬರು. "ಇವತ್ತು ಭಾರೀ ಸ್ಪೀಡ್ ಉಂಟಲ್ಲ ಅಕ್ಕ!" ಎಂದು ಕೂಗಿ ದಾಟಿದರು. ಅವರ ಹಿಂದೆ ಓಡಿದೆ. ಕನ್ನಡಿಯಲ್ಲಿ ನನ್ನನ್ನು ಕಂಡಿರಬೇಕು, ರೇಸಿಗೆ ಬಂದಳು ಎಂದು ಇನ್ನೂ ವೇಗ ಮಾಡಿದರು. ಹಾಲಿನ ಗಾಡಿ ಬಂತು. ರಸ್ತೆಯ ನಡುವೆಯೇ ನಿಂತೆ. ಅದು ಸುತ್ತುಹಾಕಿ ಪಕ್ಕದಿಂದ ಹೋಯಿತು. ನಾನು ಬೈದು ಕಲಿಸಿದ ಪಾಠವನ್ನು ಆ ಮನುಷ್ಯ ಅಷ್ಟು ಚೆನ್ನಾಗಿ ಕಲಿತಿದ್ದ.

ಶಾಲೆಯ ಏರಿನಲ್ಲಿ ಬೇರೆ ಊರಿನ ಕಾರೊಂದು ಬಂತು. ಸುಬ್ರಹ್ಮಣ್ಯಕ್ಕೆ ಹೊರಟ ಗಂಡ ಹೆಂಡತಿ. ಕಾರು ನಿಂತಿತು.

"ಏನಾಯ್ತಮ್ಮ? ಯಾಕಮ್ಮ ಹೀಗೆ ಓಡ್ತಿದ್ದೀರ?"

ನನ್ನ ಪರಿಚಯವೇ ಇಲ್ಲದವರು. ಅದಕ್ಕೇ ನಿಲ್ಲಿಸಿದರು.

ಮನೆಗೆ ಬಂದು ತಮ್ಮನನ್ನು ಆ ಮನುಷ್ಯ ಮತ್ತು ನಾನು ಗುಡ್ಡೆಯಿಂದ ಹೊತ್ತು ಇಳಿಸಿದೆವು. ನಾನು ಹಿಂದಿನ ಸೀಟಿನಲ್ಲಿ ಅವನನ್ನು ನನ್ನ ಎದೆಗೆ ಒರಗಿಸಿಕೊಂಡು ಕುಳಿತೆ. ಹತ್ತಿರ ಎಂದು ಕಡಬದ ದಾರಿ ಹಿಡಿದೆವು. ಒಂದು ಕಡೆ ಅವನು ಕಣ್ಣು ತೆರೆದು ನೀರು ಎಂದ. ಮುಂದೆ ಕುಳಿತಿದ್ದ ಹೆಂಗಸು ಬಾಟಲಿ ಕೊಟ್ಟಳು. ನಾನು ಅದನ್ನು ಕೈಯಲ್ಲಿ ಹಿಡಿದುಕೊಂಡೆ, ಕೊಡಲಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿದವನಿಗೆ ಇನ್ನೂ ನೀರು ಕೊಡಬಾರದಲ್ಲ. ಆಸ್ಪತ್ರೆ ಸಿಗುತ್ತದೆ, ಬದುಕುತ್ತಾನೆ, ಬರುವ ತಿಂಗಳು ಮಂಗಳೂರು ಎಂದೇ ನಾನು ನಂಬಿದ್ದೆ. ಕಡಬ ಸಿಗುವ ಮೊದಲೇ ಅವನ ತಲೆ ನನ್ನ ತೋಳಿಗೆ ಭಾರವಾಯಿತು. ಬಾಟಲಿಯ ಮುಚ್ಚಳ ತೆರೆದಿರಲಿಲ್ಲ.

ನೀರು ಕೊಟ್ಟದ್ದು ಆಮೇಲೆ, ಮನೆಯಲ್ಲಿ. ಸತ್ತವರ ಬಾಯಿಗೆ ತುಳಸಿ ಹಾಕಿ ನೀರು ಬಿಡುವುದು ನಮ್ಮಲ್ಲಿ ಕ್ರಮ. ಊರಿನವರು ಸಾಲಾಗಿ ಬಂದು ಒಬ್ಬೊಬ್ಬರಾಗಿ ಬಿಟ್ಟರು. ಅವನ ಕೆನ್ನೆಯಿಂದ ಹರಿದು ಚಾಪೆ ಒದ್ದೆಯಾಯಿತು. ನನಗೆ ಕಿರುಚಬೇಕೆನಿಸಿತು. ಪಿಕಪ್ಪಿನವನೂ ಬಂದಿದ್ದ. ನೀರು ಬಿಟ್ಟು ನನ್ನ ಎದುರು ಕುಕ್ಕರಗಾಲಲ್ಲಿ ಕುಳಿತ. "ನೀವು ಕೈ ಎತ್ತಿದ್ರಿ ಅಕ್ಕ... ನಾನು ಯಾವಾಗಿನ ಹಾಗೆ ಅಂತ..." ಅವನದೇನೂ ತಪ್ಪಿಲ್ಲ ಎಂದೆ. ನಿಜವಾಗಿಯೂ ಇರಲಿಲ್ಲ. ಆದರೂ ಆ ದಿನ ಅವನ ಮುಖ ನೋಡಲು ನನಗೆ ಸಾಧ್ಯವಾಗಲಿಲ್ಲ, ಸಿಟ್ಟು ಬರುತ್ತಿತ್ತು. ಗಾಡಿ ಬೇಗ ಸಿಕ್ಕಿದ್ದರೂ ಉಳಿಯುತ್ತಿದ್ದನೋ ಏನೋ ಹೇಳಲಾಗದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಅದನ್ನು ನನ್ನ ಸಮಾಧಾನಕ್ಕೆ ಹೇಳಿದರೋ ನಿಜವೋ ಗೊತ್ತಿಲ್ಲ.

ಸಾವಿನ ಕಾರ್ಯಗಳು ಮುಗಿದ ಮೇಲೆ ಒಂದು ಬೆಳಿಗ್ಗೆ ಅಭ್ಯಾಸಬಲದಿಂದ ಎದ್ದು ಶೂ ಹಾಕಿದೆ. ಲೇಸು ಕಟ್ಟಿ ಕುಳಿತವಳಿಗೆ ಎಲ್ಲಿಗೆ, ಯಾಕೆ ಎಂದು ತೋಚಲಿಲ್ಲ. ಅವನಿಗೆಂದು ಸರಿಮಾಡಿ ಇಟ್ಟದ್ದೂ ಸೇರಿ ಎರಡು ಕಿಡ್ನಿಯೂ ನನ್ನೊಳಗೇ ಇದ್ದವು. ಶೂ ಬಿಚ್ಚಿದೆ.

ಹೋಟೆಲು ನಡೆಯುತ್ತಿದೆ. ಉಳಿದ ಬನ್ಸನ್ನು ಮತ್ತೆ ನಾನೇ ತಿನ್ನುತ್ತಿದ್ದೇನೆ, ಇಳಿದ ತೂಕ ಬಹುಪಾಲು ಹಿಂದೆ ಬಂದಿದೆ. ಯಾಕೆ ಓಡುತ್ತಿದ್ದೆನೆಂದು ಈಗ ಊರಿಗೆಲ್ಲ ಗೊತ್ತು. ನಾನು ರಸ್ತೆಗೆ ಇಳಿದರೆ ಸಾಕು, ಗಾಡಿಗಳು ನಿಲ್ಲುತ್ತವೆ. ಓಡುವುದಲ್ಲ, ಕೈಯಲ್ಲಿ ಚೀಲ ಹಿಡಿದು ನಿಧಾನವಾಗಿ ನಡೆದು ಹೋಗುತ್ತಿದ್ದರೂ ಜೀಪು ನಿಲ್ಲುತ್ತದೆ, ಬೈಕು ನಿಲ್ಲುತ್ತದೆ, ಹಾಲಿನ ಗಾಡಿ ಎದುರಿನಿಂದ ಬಂದದ್ದೂ ನಿಲ್ಲುತ್ತದೆ. ಯಾರೂ "ಯಾರಿಗೆ" ಎಂದು ಕೇಳುವುದಿಲ್ಲ. "ಹತ್ತಿ ಅಕ್ಕ," ಎನ್ನುತ್ತಾರೆ, ಅಷ್ಟೆ.

ಬೇಡ ಎನ್ನಲು ಕೈ ಏಳುವುದಿಲ್ಲ. ನಿನ್ನೆ ಸಂಜೆ ಹೋಟೆಲಿನಿಂದ ಮೋರಿಯವರೆಗೆ, ಮೊದಲ ದಿನ ನನ್ನಿಂದ ಓಡಲಾಗದೆ ಹೋದ ಅಷ್ಟೇ ದೂರ, ಪಿಕಪ್ಪಿನಲ್ಲಿ ಕುಳಿತು ಹೋದೆ. ಮೋರಿಯ ಆಚೆ ನನಗೆ ಏನೂ ಕೆಲಸವಿರಲಿಲ್ಲ. ಪಿಕಪ್ಪಿನವನಿಗೆ ಅದನ್ನು ಹೇಳಲಿಲ್ಲ.